15 ಬಾಗಿಲು, ಒಂದೇ ಗೆರೆ: ಬುರಿರಾಮ್ ಸೀಮೆಯ ಬೆಟ್ಟ, ಗುಡಿ, ನೀರು

ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಭತ್ತದ ಗದ್ದೆಗಳ ನಡುವೆ ಒಂಟಿಯಾಗಿ ಎದ್ದು ನಿಂತ ಒಂದು ಬೆಟ್ಟವಿದೆ. ಹೆಸರು ಪನೋಮ್ ರುಂಗ್. ಅದರ ನೆತ್ತಿಯ ಮೇಲೆ ಕಲ್ಲಿನ ಶಿವಾಲಯ. ವರ್ಷದಲ್ಲಿ ನಾಲ್ಕು ಸಲ ಇಲ್ಲಿ ಜನ ಒಂದು ಬಾಗಿಲಿನ ಮುಂದೆ ಕಿಕ್ಕಿರಿದು ನಿಲ್ಲುತ್ತಾರೆ. ಬಾಗಿಲ ಒಳಗೆ ಇನ್ನೊಂದು ಬಾಗಿಲು, ಅದರಾಚೆ ಮತ್ತೊಂದು, ಹೀಗೆ ಒಟ್ಟು 15. ಎಲ್ಲವೂ ಒಂದೇ ಗೆರೆಯಲ್ಲಿ. ನಡುವೆ ಗರ್ಭಗುಡಿ, ಅದರಲ್ಲಿ ಲಿಂಗ. ಸ್ವಲ್ಪ ಹೊತ್ತಿಗೆ ಅಷ್ಟೂ ಬಾಗಿಲುಗಳ ಆ ಕೊನೆಯಲ್ಲಿ ಸೂರ್ಯ ಕಾಣಿಸಿಕೊಳ್ಳುತ್ತಾನೆ. ಕಿತ್ತಳೆ ಬಣ್ಣದ ಬೆಳಕು ಇಡೀ ಗುಡಿಯ ಒಳಗಿಂದ ಹಾದು ಈಚೆ ಬರುತ್ತದೆ.

ಈ ದಿನಗಳನ್ನು ಗಮನಿಸಿ. ಸೂರ್ಯೋದಯ ಹೀಗೆ ಕಾಣುವುದು ಏಪ್ರಿಲ್ 3ರಿಂದ 5 ಮತ್ತು ಸೆಪ್ಟೆಂಬರ್ 8ರಿಂದ 10ರ ಸುಮಾರಿಗೆ. ಸೂರ್ಯಾಸ್ತ ಕಾಣುವುದು ಮಾರ್ಚ್ 5ರಿಂದ 7 ಮತ್ತು ಅಕ್ಟೋಬರ್ 5ರಿಂದ 7ರ ಸುಮಾರಿಗೆ. ಇವು ಯಾಕೆ ಹೀಗೆ ಚೆಲ್ಲಾಪಿಲ್ಲಿಯಾಗಿವೆ ಅಂತ ಮೊದಲ ಸಲ ನೋಡಿದವರಿಗೆ ಅನ್ನಿಸುತ್ತದೆ. ಆದರೆ ಇದರ ಹಿಂದೆ ತುಂಬಾ ಸರಳವಾದ ಲೆಕ್ಕವಿದೆ.

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಹೇಳುತ್ತೇವೆ. ಸರಿಯಾಗಿ ಪೂರ್ವದಲ್ಲೇ ಹುಟ್ಟುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಹೊತ್ತಿಗೆ. ಹಗಲು ರಾತ್ರಿ ಸಮ ಇರುವ ದಿನಗಳು ಅವು. ಮಾರ್ಚ್ ನಂತರ ದಿನದಿನಕ್ಕೂ ಅವನು ಹುಟ್ಟುವ ಜಾಗ ಉತ್ತರಕ್ಕೆ ಸರಿಯುತ್ತದೆ, ಜೂನ್ ಕೊನೆಯಿಂದ ವಾಪಸ್ ಬರತೊಡಗಿ ಸೆಪ್ಟೆಂಬರ್ ನಂತರ ದಕ್ಷಿಣಕ್ಕೆ ದಾಟುತ್ತದೆ. ಪನೋಮ್ ರುಂಗ್ ಗುಡಿ ಸರಿಯಾಗಿ ಪೂರ್ವಕ್ಕೆ ಮುಖ ಮಾಡಿದ್ದರೆ ಆ ಎರಡು ದಿನಗಳಲ್ಲೇ ಸೂರ್ಯ ಬಾಗಿಲ ಗೆರೆಗೆ ಬರುತ್ತಿದ್ದ. ಆದರೆ ಗುಡಿಯ ಗೆರೆ ಪೂರ್ವದಿಂದ ಸುಮಾರು ಐದೂವರೆ ಡಿಗ್ರಿ ಉತ್ತರಕ್ಕೆ ವಾಲಿದೆ. ಹಾಗಾಗಿ ಸೂರ್ಯನೂ ಅಷ್ಟು ಉತ್ತರಕ್ಕೆ ಸರಿಯುವವರೆಗೆ ಕಾಯಬೇಕು. ಅದಕ್ಕೆ ಎರಡು ವಾರ ಹಿಡಿಯುತ್ತದೆ. ಮಾರ್ಚ್ 21ಕ್ಕೆ ಎರಡು ವಾರ ಸೇರಿಸಿದರೆ ಏಪ್ರಿಲ್ 4. ಅವನು ವಾಪಸ್ ಬರುವಾಗ ಅದೇ ಜಾಗವನ್ನು ಹಾಯುವುದು ಸೆಪ್ಟೆಂಬರ್ 23ಕ್ಕೆ ಎರಡು ವಾರ ಮೊದಲು, ಅಂದರೆ 9ರ ಸುಮಾರಿಗೆ.

ಇನ್ನು ಪಡುವಣ ಕಡೆ. ಒಂದು ನೇರ ಕೋಲಿನ ಈ ತುದಿ ಪೂರ್ವದಲ್ಲಿ ಉತ್ತರಕ್ಕೆ ವಾಲಿದರೆ, ಆ ತುದಿ ಪಶ್ಚಿಮದಲ್ಲಿ ದಕ್ಷಿಣಕ್ಕೆ ವಾಲಲೇಬೇಕು, ಅಲ್ವಾ? ಹಾಗಾಗಿ ಸಂಜೆಯ ಸೂರ್ಯ ಗೆರೆಗೆ ಬರುವುದು ಅವನು ದಕ್ಷಿಣದ ಕಡೆ ಇರುವಾಗ. ಅಂದರೆ ಮಾರ್ಚ್ 21ಕ್ಕೆ ಎರಡು ವಾರ ಮೊದಲು, ಸೆಪ್ಟೆಂಬರ್ 23ಕ್ಕೆ ಎರಡು ವಾರ ಆದಮೇಲೆ. ಲೆಕ್ಕ ಮುಗಿಯಿತು. ಒಂದೊಂದು ಸಲಕ್ಕೂ ಎರಡು ಮೂರು ದಿನ ಮಾತ್ರ ಯಾಕೆ ಅಂದರೆ, ಈ ಸಮಯದಲ್ಲಿ ಸೂರ್ಯ ಹುಟ್ಟುವ ಜಾಗ ದಿನಕ್ಕೆ ಹೆಚ್ಚುಕಮ್ಮಿ ಅವನ ಬಿಂಬದ ಅಗಲದಷ್ಟೇ ಸರಿಯುತ್ತದೆ. 15 ಬಾಗಿಲುಗಳ ಕಿರಿದಾದ ಕಿಂಡಿಯಲ್ಲಿ ಅವನು ಅದಕ್ಕಿಂತ ಜಾಸ್ತಿ ದಿನ ಸಿಗುವುದಿಲ್ಲ.

ನನ್ನನ್ನು ಬೆರಗುಗೊಳಿಸುವುದು ಈ ದಿನಾಂಕಗಳಿಗಿಂತ ಆ ಗೆರೆ. ಈ ಬೆಟ್ಟದ ಮೇಲೆ ಕಟ್ಟುವ ಕೆಲಸ 10ನೇ ಶತಮಾನದಿಂದ 13ನೇ ಶತಮಾನದವರೆಗೆ ನಡೆಯಿತು. ರಾಜರು ಬದಲಾದರು, ಶಿಲ್ಪಿಗಳ ತಲೆಮಾರುಗಳೇ ಬದಲಾದವು. ಆದರೂ ಆ ನಡುಗೆರೆಯನ್ನು ಯಾರೂ ಬಿಟ್ಟುಕೊಡಲಿಲ್ಲ.

ಈ ಬೆಟ್ಟ ಇರುವ ಪ್ರಾಂತ್ಯದ ಹೆಸರು ಬುರಿರಾಮ್. ಬ್ಯಾಂಕಾಕಿನಿಂದ ಸುಮಾರು 400 ಕಿಲೋಮೀಟರ್ ದೂರ, ಕಾಂಬೋಡಿಯಾ ಗಡಿಗೆ ಅಂಟಿಕೊಂಡ ಸೀಮೆ. ಈಗಿನ ಹುಡುಗರಿಗೆ ಈ ಊರು ಗೊತ್ತಿರುವುದು ಮೋಟೋ ಜಿಪಿ ಬೈಕ್ ರೇಸಿನಿಂದ. ಆದರೆ ಊರಿನ ಹೆಸರನ್ನು ಬಿಡಿಸಿ ನೋಡಿದರೆ ಕನ್ನಡದವರಿಗೆ ಪರಿಚಯದ ಮುಖ ಕಂಡಂತಾಗುತ್ತದೆ. ಬುರಿ ಅಂದರೆ ಪುರಿ. ರಾಮ್ ಅಂದರೆ ಶ್ರೀರಾಮ ಅಲ್ಲ, ರಮ್ಯ. ಥಾಯ್ ಲಿಪಿಯಲ್ಲಿ ಕೊನೆಯ ಆ 'ಯ' ಇನ್ನೂ ಬರೆಯುತ್ತಾರೆ, ಉಚ್ಚರಿಸುವುದಿಲ್ಲ ಅಷ್ಟೇ. ರಮ್ಯವಾದ ಪುರಿ. ಅಲ್ಲಿ ಕಲ್ಲಿನ ಗುಡಿಗೆ 'ಪ್ರಸಾತ್' ಅನ್ನುತ್ತಾರೆ, ಅದು ನಮ್ಮ ಪ್ರಾಸಾದ. ಋಷಿಗೆ 'ರುಸಿ', ನಾರಾಯಣನಿಗೆ 'ನಾರಾಯ್'. ಪನೋಮ್ ರುಂಗ್ ಮಾತ್ರ ಹಳೆಯ ಖ್ಮೇರ್ ಭಾಷೆಯ, ಅಂದರೆ ಕಾಂಬೋಡಿಯಾದವರ ನುಡಿಯ ಹೆಸರು. ದೊಡ್ಡ ಬೆಟ್ಟ ಅಂತ ಅರ್ಥ.

ಅಷ್ಟೇನೂ ಎತ್ತರದ ಬೆಟ್ಟವಲ್ಲ. ಸಮುದ್ರಮಟ್ಟದಿಂದ 400 ಮೀಟರ್ ಹತ್ತಿರ, ಸುತ್ತಲಿನ ಬಯಲಿನಿಂದ ಸುಮಾರು 200 ಮೀಟರ್. ಆದರೆ ಸುತ್ತ ಕಣ್ಣು ಹಾಯುವಷ್ಟೂ ಸಮತಟ್ಟು ನೆಲ. ಅಂಥ ಕಡೆ ಈ ಬೆಟ್ಟ ಎಲ್ಲಿಂದ ಬಂತು? ಇದು ಆರಿಹೋದ ಜ್ವಾಲಾಮುಖಿ. ಬುರಿರಾಮ್‌ನಲ್ಲಿ ಇಂಥ ಆರಿದ ಜ್ವಾಲಾಮುಖಿಗಳು ಇನ್ನೂ ಹಲವು ಇವೆ. ಲಕ್ಷಾಂತರ ವರ್ಷಗಳ ಹಿಂದೆ ಉಕ್ಕಿದ ಬೆಂಕಿ ಎರಡು ಮುಖ್ಯ ವಸ್ತುಗಳನ್ನು ಬಿಟ್ಟುಹೋಯಿತು. ಒಂದು, ದೇವರನ್ನು ಕೂರಿಸಲು ಎತ್ತರದ ಜಾಗ. ಶಿವನ ಕೈಲಾಸ ಬೆಟ್ಟದ ಮೇಲೆ ತಾನೇ ಇರಬೇಕು. ಇನ್ನೊಂದು, ನೀರು. ಬೆಂಕಿ ಉಗುಳಿದ ಬಾಯಿಯೇ ಆಮೇಲೆ ಮಳೆನೀರು ನಿಲ್ಲುವ ಹೊಂಡವಾಯಿತು. ಬೆಟ್ಟದ ನೆತ್ತಿಯಲ್ಲೇ ನೀರಿದ್ದರೆ ಅಲ್ಲಿ ಪೂಜೆಯೂ ಆಗುತ್ತದೆ, ಪೂಜೆ ಮಾಡುವವರೂ ಇರಬಹುದು.

ಇಲ್ಲಿಗೆ ಬಂದವರು ಬಹಳಷ್ಟು ಜನ ಗುಡಿಯನ್ನು ಮಾತ್ರ ನೋಡಿ, ಫೋಟೋ ತೆಗೆದು ಇಳಿದುಬಿಡುತ್ತಾರೆ. ಅದು ಅರ್ಧ ನೋಟ ಅಂತ ನನ್ನ ಅಭಿಪ್ರಾಯ. ಬೆಟ್ಟ, ಗುಡಿ, ಕೆಳಗಿನ ಕೆರೆ, ಗದ್ದೆ, ದಾರಿ, ಇವೆಲ್ಲ ಸೇರಿ ಒಂದೇ ವ್ಯವಸ್ಥೆ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗುವುದಿಲ್ಲ.

ಮೊದಲು ಮೇಲೆ ಹೋಗೋಣ. ಗುಡಿಯ ಕಡೆಗೆ ಸುಮಾರು 160 ಮೀಟರ್ ಉದ್ದದ ನೇರ ದಾರಿ. ನೆಲಕ್ಕೆ ಹಾಸಿರುವುದು ಜಂಬಿಟ್ಟಿಗೆ ಕಲ್ಲು, ನಮ್ಮ ಕರಾವಳಿಯ ಮನೆಗಳಿಗೆ ಬಳಸುವ ಅದೇ ತೂತುತೂತಿನ ಕೆಂಪು ಕಲ್ಲು. ಎರಡೂ ಬದಿಗೆ ಕಮಲದ ಮೊಗ್ಗಿನ ತಲೆಯ ಸುಮಾರು 70 ಕಂಬಗಳು. ದಾರಿ ಮುಗಿದ ಕಡೆ ಒಂದು ಕಟ್ಟೆಯಂಥ ಸೇತುವೆ. ಕೆಳಗೆ ನೀರಿಲ್ಲ, ಹಳ್ಳವೂ ಇಲ್ಲ. ಮತ್ತೆ ಸೇತುವೆ ಯಾಕೆ? ಅದರ ಎರಡು ಬದಿಯ ಕಟಾಂಜನವೆಲ್ಲ ಹಾವಿನ ಮೈ, ತುದಿಗಳಲ್ಲಿ ಐದು ಹೆಡೆಯ ನಾಗ. ಮನುಷ್ಯರ ಲೋಕದಿಂದ ದೇವರ ಲೋಕಕ್ಕೆ ದಾಟುವ ಸೇತುವೆ ಅದು. ನಡುವೆ ನೆಲದ ಮೇಲೆ ಅರಳಿದ ಕಮಲವೊಂದನ್ನು ಕೆತ್ತಿದ್ದಾರೆ. ಅಲ್ಲಿಂದ ಮುಂದೆ ಕಡಿದಾದ ಮೆಟ್ಟಿಲು.

ಗುಡಿಯೊಳಗೆ ಕಾಲಿಟ್ಟರೆ ಕನ್ನಡದವರಿಗೆ ಗೈಡ್ ಬೇಕಾಗುವುದೇ ಇಲ್ಲ. ನಂದಿ ಲಿಂಗದ ಕಡೆ ಮುಖ ಮಾಡಿ ಮಲಗಿದ್ದಾನೆ. ಗರ್ಭಗುಡಿಯಿಂದ ಒಂದು ಕಲ್ಲಿನ ತೋಡು ಉತ್ತರಕ್ಕೆ ಹೊರಟು ಗೋಡೆ ದಾಟುತ್ತದೆ. ಅಭಿಷೇಕದ ನೀರು ಹರಿಯುವ ದಾರಿ. ಅದಕ್ಕೆ ಅಲ್ಲಿನ ಪುರಾತತ್ವದವರು ಬಳಸುವ ಹೆಸರೂ ಸೋಮಸೂತ್ರ. ನಮ್ಮ ಅಜ್ಜಿಯರು ಶಿವಾಲಯದಲ್ಲಿ ಪ್ರದಕ್ಷಿಣೆ ಬರುವಾಗ ದಾಟಬೇಡ ಅಂತ ತಡೆಯುತ್ತಿದ್ದರಲ್ಲ, ಅದೇ. ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳಿವೆ. ಮುಂಬಾಗಿಲ ಮೇಲಿನ ತ್ರಿಕೋನದ ಕಲ್ಲಿನಲ್ಲಿ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ.

ಇದನ್ನೆಲ್ಲ ಕಟ್ಟಿದವರು ಖ್ಮೇರ್ ಜನ. ಆ ಕಾಲಕ್ಕೆ ಈ ಸೀಮೆ ಈಗಿನ ಕಾಂಬೋಡಿಯಾದಲ್ಲಿದ್ದ ಅಂಗ್ಕೋರ್ ರಾಜಧಾನಿಯ ಖ್ಮೇರ್ ರಾಜ್ಯದ್ದು. ನಡುವಿನ ದೊಡ್ಡ ಗುಡಿ 12ನೇ ಶತಮಾನದ್ದು. ಅದನ್ನು ಕಟ್ಟಿಸಿದವನ ಹೆಸರು ನರೇಂದ್ರಾದಿತ್ಯ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮನ ಬಂಧು, ಮಹೀಧರಪುರ ವಂಶದವನು. ಸೂರ್ಯವರ್ಮನ ಪರವಾಗಿ ಯುದ್ಧ ಮಾಡಿದವನು ಆಮೇಲೆ ಎಲ್ಲ ಬಿಟ್ಟು ಈ ಬೆಟ್ಟದ ಮೇಲೆ ತಪಸ್ವಿಯಾದ. ಇದು ನಮಗೆ ಗೊತ್ತಾಗಿದ್ದು ಅವನ ಮಗ ಹಿರಣ್ಯ ಬರೆಸಿದ ಸಂಸ್ಕೃತ ಶಾಸನದಿಂದ.

ಇಲ್ಲಿನ ತಪಸ್ವಿಗಳು ಪಾಶುಪತ ಶೈವರು. ಲಕುಲೀಶನನ್ನು ಗುರು ಅಂತ ನಂಬಿದ ಪಂಥ. ಕರ್ನಾಟಕದ ಶಾಸನಗಳನ್ನು ಸ್ವಲ್ಪ ಓದಿದವರಿಗೂ ಈ ಹೆಸರು ಹೊಸದಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ಗುಡಿಯ ಕೋಡಿಯ ಮಠದಲ್ಲಿ ಇದ್ದ ಕಾಳಾಮುಖ ಗುರುಗಳೂ ಅದೇ ಲಕುಲೀಶ ಪರಂಪರೆಯವರು. ಅವರು ಪ್ರಬಲರಾಗಿದ್ದ ಕಾಲವೂ ಹೆಚ್ಚುಕಮ್ಮಿ ಇದೇ. ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಬಳ್ಳಿಗಾವೆಯವರಿಗೂ ಪನೋಮ್ ರುಂಗ್‌ನವರಿಗೂ ನೇರ ಪರಿಚಯ ಇತ್ತು ಅಂತ ನಾನು ಹೇಳುತ್ತಿಲ್ಲ. ಒಂದೇ ಬೇರಿನ ಎರಡು ಕೊಂಬೆಗಳು ಅಷ್ಟು ದೂರ ದೂರ ಚಾಚಿಕೊಂಡಿದ್ದವು, ಅಷ್ಟು ಸಾಕು ನನಗೆ ಖುಷಿಪಡಲು.

ಈಗ ಮುಂಬಾಗಿಲ ಹತ್ತಿರ ಸ್ವಲ್ಪ ನಿಲ್ಲಬೇಕು. ಕುಣಿಯುವ ಶಿವನ ಕೆಳಗೆ, ಬಾಗಿಲ ನೆತ್ತಿಗೆ ಅಡ್ಡಲಾಗಿ ಒಂದು ಕಲ್ಲಿದೆ. ಅದರಲ್ಲಿ ಶೇಷನ ಮೇಲೆ ಮಲಗಿದ ವಿಷ್ಣು. ಕಾಲ ಬಳಿ ಲಕ್ಷ್ಮಿ. ಹೊಕ್ಕುಳಿಂದ ಎದ್ದ ಕಮಲದ ಮೇಲೆ ಬ್ರಹ್ಮ. ಬದಿಗೆ ಬಳ್ಳಿ ಉಗುಳುವ ಕೀರ್ತಿಮುಖ, ಮೂಲೆಯಲ್ಲಿ ಗಿಳಿಗಳು. ಕಲ್ಲಿನ ಮೇಲೆ ಅಡ್ಡಡ್ಡ ಬಿರುಕಿನ ಗುರುತುಗಳು ಕಾಣುತ್ತವೆ. ಆ ಗುರುತುಗಳಿಗೆ ದೊಡ್ಡ ಕಥೆ ಇದೆ.

1960ರ ದಶಕದಲ್ಲಿ ಗುಡಿ ಪಾಳುಬಿದ್ದಿತ್ತು. ಕಲ್ಲುಗಳೆಲ್ಲ ಉರುಳಿ ನೆಲದ ಮೇಲೆ ಹರಡಿದ್ದವು. ಆ ಸಮಯದಲ್ಲಿ ಈ ಕಲ್ಲು ಕಳುವಾಯಿತು. ಒಂದು ತುಂಡು ಬ್ಯಾಂಕಾಕಿನ ಅಂಗಡಿಯೊಂದರಲ್ಲಿ ಸಿಕ್ಕಿತು. ದೊಡ್ಡ ಭಾಗದ ಪತ್ತೆಯೇ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಥಾಯ್ಲೆಂಡಿನ ಕಲಾ ಇತಿಹಾಸಕಾರ, ರಾಜಮನೆತನದ ಸುಭದ್ರದಿಸ್ ದಿಸ್ಕುಲ್ ಅಮೆರಿಕಕ್ಕೆ ಹೋದಾಗ ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದನ್ನು ಕಂಡರು. ನೋಡಿದ ಕೂಡಲೇ ಗುರುತು ಹಿಡಿದರು.

ಆದರೆ ಗುರುತು ಹಿಡಿದ ಮಾತ್ರಕ್ಕೆ ಕಲ್ಲು ವಾಪಸ್ ಬರಲಿಲ್ಲ. ಇತ್ತ 1971ರಿಂದ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಬಿದ್ದ ಕಲ್ಲುಗಳಿಗೆ ಒಂದೊಂದಾಗಿ ನಂಬರ್ ಹಾಕಿ, ಯಾವುದು ಎಲ್ಲಿಯದು ಅಂತ ಹೊಂದಿಸಿ, ನಿಂತ ಗೋಡೆಗಳನ್ನೂ ಬಿಚ್ಚಿ, ಬುನಾದಿ ಗಟ್ಟಿ ಮಾಡಿ ಮತ್ತೆ ಜೋಡಿಸುವ ಕೆಲಸ. ಹೊಸ ಕಲ್ಲು ಆದಷ್ಟು ಕಡಿಮೆ, ಹಳೆಯದನ್ನೇ ಅದರ ಜಾಗದಲ್ಲಿ ಕೂರಿಸುವುದು. ಇದಕ್ಕೆ 17 ವರ್ಷ ಹಿಡಿಯಿತು. 1988ರ ಮೇ ತಿಂಗಳಲ್ಲಿ ಜನರಿಗೆ ಬಾಗಿಲು ತೆರೆದಾಗ ಇಡೀ ಗುಡಿ ಎದ್ದು ನಿಂತಿತ್ತು, ಹಣೆಯ ಮೇಲಿನ ಆ ಕಲ್ಲು ಮಾತ್ರ ಇರಲಿಲ್ಲ. ದೇಶದಲ್ಲಿ ದೊಡ್ಡ ಗದ್ದಲವೇ ಆಯಿತು. ಥಾಯ್ ಜನ ಬೀದಿಗಿಳಿದರು, ಷಿಕಾಗೋದಲ್ಲಿದ್ದ ಥಾಯ್ ಕುಟುಂಬಗಳೂ ಮ್ಯೂಸಿಯಂ ಮುಂದೆ ಪ್ರತಿಭಟಿಸಿದವು. ಕೊನೆಗೆ ಅದೇ ವರ್ಷ ನವೆಂಬರ್‌ನಲ್ಲಿ ಕಲ್ಲು ಊರಿಗೆ ಬಂತು, ಡಿಸೆಂಬರ್‌ನಲ್ಲಿ ತನ್ನ ಜಾಗ ಸೇರಿತು.

ಒಂದು ಕಲ್ಲಿಗೆ ಇಷ್ಟು ಹೋರಾಡಬೇಕಾ ಅಂತ ಕೇಳುವವರಿದ್ದಾರೆ. ಖಂಡಿತ ಬೇಕು. ಮ್ಯೂಸಿಯಂ ಗೋಡೆಗೆ ಒರಗಿಸಿದಾಗ ಅದು ಸುಂದರ ಶಿಲ್ಪ, ಅಷ್ಟೇ. ಇಲ್ಲಿ ಅದು ಕುಣಿಯುವ ಶಿವನ ಕೆಳಗೆ, ಲಿಂಗಕ್ಕೆ ಹೋಗುವ ದಾರಿಯ ಮೇಲೆ ಇದೆ. ಒಂದು ಲೋಕ ಮುಗಿದು ಇನ್ನೊಂದು ಹುಟ್ಟುವ ಮೊದಲು ವಿಷ್ಣು ಮಲಗಿರುತ್ತಾನೆ. ಅದರ ಮೇಲೆ ಶಿವ ಕುಣಿಯುತ್ತಾನೆ. ಎರಡು ಕಲ್ಲು ಒಟ್ಟಿಗಿದ್ದರೆ ತಾನೇ ಆ ಮಾತು ಪೂರ್ತಿಯಾಗುವುದು?

ಕಳುವಾದದ್ದು ಇದೊಂದೇ ಅಲ್ಲ. ಇದೇ ಪ್ರಾಂತ್ಯದ ನೋಂಗ್ ಹೋಂಗ್ ಗುಡಿಯ ಬಾಗಿಲ ಕಲ್ಲು ಸ್ಯಾನ್ ಫ್ರಾನ್ಸಿಸ್ಕೋದಿಂದ ವಾಪಸಾಗಿದ್ದು 2021ರಲ್ಲಿ. ಜನ 'ಗೋಲ್ಡನ್ ಬಾಯ್' ಅನ್ನುವ, ಚಿನ್ನದ ಲೇಪದ 11ನೇ ಶತಮಾನದ ಕಂಚಿನ ವಿಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2024ರಲ್ಲಿ ಥಾಯ್ಲೆಂಡಿಗೆ ಹಿಂತಿರುಗಿಸಿತು.

ಬೆಟ್ಟ ಇಳಿದು ಸುಮಾರು 8 ಕಿಲೋಮೀಟರ್ ಹೋದರೆ ಮುವಾಂಗ್ ತಮ್. ತಗ್ಗಿನ ಊರು ಅಂತ ಅರ್ಥ. ಇಲ್ಲಿನ ಗುಡಿ ಪನೋಮ್ ರುಂಗ್‌ನ ದೊಡ್ಡ ಗುಡಿಗಿಂತ ಹಳೆಯದು, 11ನೇ ಶತಮಾನದ ಸುಮಾರಿನದು. ಒಂದೇ ಜಗಲಿಯ ಮೇಲೆ ಐದು ಇಟ್ಟಿಗೆ ಗೋಪುರಗಳು, ಮುಂದೆ ಮೂರು, ಹಿಂದೆ ಎರಡು. ನಡುವಿನ ದೊಡ್ಡದು ಬಿದ್ದುಹೋಗಿದೆ, ತಳ ಮಾತ್ರ ಉಳಿದಿದೆ. ನಂದಿಯ ಮೇಲೆ ಕೂತ ಉಮಾಮಹೇಶ್ವರ, ಗೋವರ್ಧನ ಎತ್ತಿದ ಕೃಷ್ಣ, ಕಾಳಿಂಗನನ್ನು ಹಿಡಿದ ಕೃಷ್ಣ, ಎಲ್ಲ ಬಾಗಿಲ ಮೇಲಿನ ಕಲ್ಲುಗಳಲ್ಲಿವೆ.

ಆದರೆ ಇಲ್ಲಿ ಮನಸ್ಸು ನಿಲ್ಲುವುದು ಗೋಪುರಗಳ ಮೇಲಲ್ಲ, ನೀರಿನ ಮೇಲೆ. ಅಂಗಳದ ನಾಲ್ಕು ಮೂಲೆಗೂ ಮಡಚಿದ ಮೊಣಕೈ ಆಕಾರದ ಒಂದೊಂದು ಕೊಳ. ಜಂಬಿಟ್ಟಿಗೆಯ ಮೆಟ್ಟಿಲು ನೀರಿಗೆ ಇಳಿಯುತ್ತವೆ. ಕೊಳದ ಅಂಚು ಸುಮ್ನೆ ಕಲ್ಲಿನ ಕಟ್ಟೆಯಲ್ಲ. ಬಗ್ಗಿ ನೋಡಿದರೆ ಅದು ಹಾವಿನ ಮೈ. ಅಂಚಿನುದ್ದಕ್ಕೂ ಮಲಗಿ ಮೂಲೆಯಲ್ಲಿ ಐದು ಹೆಡೆ ಎತ್ತಿದೆ. ಪನೋಮ್ ರುಂಗ್‌ನ ನಾಗರ ಹೆಡೆಗಳಿಗೆ ಕಿರೀಟದಂಥ ಅಲಂಕಾರವಿದೆ. ಇಲ್ಲಿನವು ಬೋಳು, ನುಣುಪು, ಮಳೆಯಲ್ಲಿ ನೆನೆದ ನಿಜವಾದ ಹಾವಿನ ಹಾಗೆ. ನೀರನ್ನು ಕಾಯುವುದು ನಾಗ ಅನ್ನುವ ನಂಬಿಕೆಯನ್ನು ಇದಕ್ಕಿಂತ ಚೆನ್ನಾಗಿ ಕಲ್ಲಿನಲ್ಲಿ ಹೇಳಲು ಆಗುವುದಿಲ್ಲ ಅನ್ನಿಸುತ್ತದೆ. ನಡುವಿನ ಗೋಪುರಗಳು ಮೇರು, ಸುತ್ತಲಿನ ಕೊಳಗಳು ಸಮುದ್ರ.

ಗುಡಿಯ ಉತ್ತರಕ್ಕೆ ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ಆಯತದ ಕೆರೆ ಇದೆ. ಇಂಥ ಕೆರೆಗೆ 'ಬರಾಯ್' ಅನ್ನುತ್ತಾರೆ. ಇದು ಯಾಕೆ ಬೇಕಿತ್ತು ಅಂದರೆ, ಈ ಸೀಮೆಯಲ್ಲಿ ಮಳೆ ಬರುವುದು ಹೆಚ್ಚುಕಮ್ಮಿ ಮೇಯಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳು ಒಣಗು. ನೆಲ ಬಹುಪಾಲು ಮರಳುಮಿಶ್ರಿತ, ನೀರು ನಿಲ್ಲುವುದಿಲ್ಲ. ಬೆಟ್ಟಗಳ ನಡುವೆ ಒಂದು ಕಡೆ ಏರಿ ಹಾಕಿ ಕೆರೆ ಕಟ್ಟೋಣ ಅಂದರೆ ನೆಲ ಸಪಾಟು. ಹಾಗಾಗಿ ಖ್ಮೇರರು ನಾಲ್ಕೂ ಕಡೆ ಏರಿ ಎತ್ತಿ ನೀರು ಹಿಡಿದಿಟ್ಟರು. ಗುಡಿ ಇದ್ದ ಕಡೆ ಕೆರೆ ಇರುತ್ತಿತ್ತು, ಕೆರೆ ಇದ್ದ ಕಡೆ ಊರು ಬೆಳೆಯುತ್ತಿತ್ತು. ಮೇಲಿನ ಗುಡಿಗೆ ಬೇಕಾದ ಅಕ್ಕಿ, ಎಣ್ಣೆ, ಆಳು ಎಲ್ಲ ಇಂಥ ಕೆಳಗಿನ ಊರುಗಳಿಂದಲೇ ಬರಬೇಕಿತ್ತು.

ಮತ್ತೆ ದಾರಿ. ಅಂಗ್ಕೋರಿನಿಂದ ವಾಯವ್ಯಕ್ಕೆ ಹೊರಟು ಪಿಮಾಯ್ ಪಟ್ಟಣಕ್ಕೆ ಹೋಗುವ ರಾಜಮಾರ್ಗ ಈ ಸೀಮೆಯಲ್ಲೇ ಹಾದುಹೋಗುತ್ತಿತ್ತು. ಅಂಗ್ಕೋರಿನ ರಾಜ ಏಳನೇ ಜಯವರ್ಮನ 1191ರ ಶಾಸನದ ಪ್ರಕಾರ ಆ ದಾರಿಯಲ್ಲಿ 17 ಛತ್ರಗಳಿದ್ದವು. ಅವನ ಇನ್ನೊಂದು ಶಾಸನ ರಾಜ್ಯದ 102 ಆಸ್ಪತ್ರೆಗಳ ಲೆಕ್ಕ ಕೊಡುತ್ತದೆ. ಬೆಟ್ಟದ ಬುಡದ ನೋಂಗ್ ಬುವಾ ರಾಯ್ ಹಳ್ಳಿಯಲ್ಲಿ, ಮುವಾಂಗ್ ತಮ್ ಪಕ್ಕದಲ್ಲಿ ಜಂಬಿಟ್ಟಿಗೆಯ ಸಣ್ಣ ಗುಡಿಗಳಿವೆ. ಊರವರು 'ಕುಟಿ ರುಸಿ' ಅನ್ನುತ್ತಾರೆ, ಋಷಿಯ ಕುಟೀರ. ನಿಜಕ್ಕೂ ಅವು ಆ ಆಸ್ಪತ್ರೆಗಳ ಪೂಜಾಗುಡಿಗಳು. ಆಸ್ಪತ್ರೆ ಕಟ್ಟಡ ಮರದ್ದು, ಹೋಯಿತು. ದೇವರ ಮನೆ ಕಲ್ಲಿನದು, ಉಳಿಯಿತು. ಅಷ್ಟೇನೂ ಜನ ಹೋಗದ ಈ ಗುಡಿಗಳನ್ನು ದಯವಿಟ್ಟು ನೋಡಿ.

ಗಡಿಯ ಕಡೆ ಬಾನ್ ಕ್ರುವಾತ್‌ನಲ್ಲಿ ಮರಳುಗಲ್ಲು ಕಡಿದ ಹಳೆಯ ಗಣಿ ಇದೆ. ಅರ್ಧ ಕತ್ತರಿಸಿ ಬಿಟ್ಟ ಬಂಡೆಗಳು ಹಾಗೇ ಇವೆ. ಮಡಕೆ ಸುಡುತ್ತಿದ್ದ ಖ್ಮೇರ್ ಕಾಲದ ಗೂಡುಗಳೂ ಅದೇ ಸೀಮೆಯಲ್ಲಿವೆ.

ಉಳಿದ ಜ್ವಾಲಾಮುಖಿಗಳಲ್ಲಿ ಪಟ್ಟಣಕ್ಕೆ ಹತ್ತಿರದ್ದು ಕಾವ್ ಕ್ರದೋಂಗ್. 297 ಮೆಟ್ಟಿಲು ಹತ್ತಿದರೆ ಮೇಲೆ ದೊಡ್ಡ ಬುದ್ಧ, ಆಚೆ ಕಾಡು ತುಂಬಿದ ಹಳೆಯ ಬೆಂಕಿಬಾಯಿ. ಕಾವ್ ಅಂಗ್ಕಾನ್ ಬೆಟ್ಟದ ವಿಹಾರದಲ್ಲಿ ಖ್ಮೇರರಿಗೂ ಹಿಂದಿನ ದ್ವಾರವತಿ ಕಾಲದ ಎಲ್ಲೆಕಲ್ಲುಗಳಿವೆ. ಪುಣ್ಯದ ಜಾಗದ ಗಡಿ ಗುರುತಿಸಲು ನೆಟ್ಟಂಥವು.

ಆ ಬೆಟ್ಟದ ಬುಡದ ಚರೋನ್‌ಸುಕ್ ಹಳ್ಳಿಯಲ್ಲಿ ಹೆಂಗಸರು ಜ್ವಾಲಾಮುಖಿಯ ಮಣ್ಣನ್ನು ನೀರಿನಲ್ಲಿ ಕಲಸಿ ನೂಲು ಅದ್ದುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಬಟ್ಟೆಗೆ ಕಾವಿ ಕಲಸಿದ ಕಂದು ಬಣ್ಣ ಬರುತ್ತದೆ. ಈ ಬಟ್ಟೆಯ ಹೆಸರು 'ಪೂ ಅಕ್ಕನಿ'. ಪೂ ಅಂದರೆ ಬೆಟ್ಟ. ಅಕ್ಕನಿ ಯಾವ ಪದ ಅಂತ ನಿಮಗೆ ಹೇಳಬೇಕಾಗಿಲ್ಲ, ಅಗ್ನಿ. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆದ ಅಕ್ಕಿ ಅಂತಲೇ ಇಲ್ಲಿನ ಮಲ್ಲಿಗೆ ಘಮದ ಅಕ್ಕಿಯನ್ನೂ ಮಾರುತ್ತಾರೆ.

ಇನ್ನೊಂದು ವಿಷಯ, ಸಾರಸ ಹಕ್ಕಿ. ಆಳೆತ್ತರದ, ಕೆಂಪು ತಲೆಯ ಈ ಹಕ್ಕಿ ಥಾಯ್ಲೆಂಡಿನ ಬಯಲಿನಿಂದ 1960ರ ದಶಕದ ಹೊತ್ತಿಗೆ ಪೂರ್ತಿ ಮಾಯವಾಗಿತ್ತು. ಮೃಗಾಲಯದಲ್ಲಿ ಮರಿ ಮಾಡಿಸಿ 2011ರಿಂದ ಬುರಿರಾಮ್‌ನ ಹುವಾಯ್ ಚೊರಕೆ ಮಾಕ್ ಜಲಾಶಯದ ಸುತ್ತ ಬಿಡತೊಡಗಿದರು. ಹುಟ್ಟಿನಿಂದ ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಗಳು ಬದುಕುತ್ತವಾ ಅನ್ನುವ ಅನುಮಾನ ಸಹಜ. ಅವು ಬದುಕಿದವು, ಜೋಡಿಯಾದವು, ಭತ್ತದ ಗದ್ದೆಗಳಲ್ಲೇ ಗೂಡು ಕಟ್ಟಿ ಮರಿ ಮಾಡಿದವು. ಕೀಟನಾಶಕ ಜಾಸ್ತಿಯಾದರೆ ಅವುಗಳ ಊಟವೇ ಹೋಗುತ್ತದೆ. ಹಾಗಾಗಿ ಕೆಲವು ರೈತರು ವಿಷ ಹೊಡೆಯದೆ ಭತ್ತ ಬೆಳೆದು ಸಾರಸದ ಹೆಸರಿನಲ್ಲೇ ಅಕ್ಕಿ ಮಾರುತ್ತಿದ್ದಾರೆ.

ಪನೋಮ್ ರುಂಗ್, ಮುವಾಂಗ್ ತಮ್ ಮತ್ತು ಇದೇ ಸೀಮೆಯ ಪ್ಲಾಯ್ ಬಾತ್ ಬೆಟ್ಟದ ಗುಡಿಗಳನ್ನು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಬೆಟ್ಟ ಮತ್ತು ತಗ್ಗನ್ನು ಒಂದೇ ಅರ್ಜಿಯಲ್ಲಿ ಸೇರಿಸಿದ್ದು ತುಂಬಾ ಸರಿ.

ಹೋಗುವ ಮನಸ್ಸಿದ್ದರೆ ಬೆಳಿಗ್ಗೆ ಮುವಾಂಗ್ ತಮ್‌ನಿಂದ ಶುರುಮಾಡಿ, ಕೊಳದ ನೀರು ಅಲುಗದೆ ಇರುವ ಹೊತ್ತಿನಲ್ಲಿ. ಆಮೇಲೆ ಕುಟಿ ರುಸಿ. ಬಿಸಿಲು ಇಳಿದ ಮೇಲೆ ಬೆಟ್ಟ. ಸೂರ್ಯನಿಗಾಗಿಯೇ ಹೋಗುವುದಾದರೆ ಸೆಪ್ಟೆಂಬರ್ ನಂಬಬೇಡಿ, ಅದು ಮಳೆಗಾಲ, ಮೋಡ ಅಡ್ಡ ಬರುತ್ತದೆ. ಏಪ್ರಿಲ್‌ನಲ್ಲಿ ಜಾತ್ರೆಯೇ ನಡೆಯುತ್ತದೆ, ಜನ ಜಾಸ್ತಿ. ಮಾರ್ಚ್ ಮೊದಲ ವಾರದ ಸಂಜೆ ಒಳ್ಳೆಯದು. ಪೂರ್ವದ ಬಾಗಿಲ ಹೊರಗೆ, ಪಶ್ಚಿಮಕ್ಕೆ ಮುಖ ಮಾಡಿ ನಿಂತುಕೊಳ್ಳಿ. ತಲೆಯ ಮೇಲೆ ಮಲಗಿದ ವಿಷ್ಣು, ಅದರ ಮೇಲೆ ಕುಣಿಯುವ ಶಿವ, ಎದುರಿಗೆ ಬಾಗಿಲುಗಳ ಸಾಲು.